ರೋಮನ್ ಸಂಖ್ಯೆಗಳು: 49 ಎಂಬುದನ್ನು ‘ಐ-ಎಲ್’ ಎಂದು ಏಕೆ ಬರೆಯುವುದಿಲ್ಲ?

ಪ್ರಶ್ನೆ: ಅಂಕಿಜಿಜ್ಞಾಸು

ರೋಮನ್ ಸಂಖ್ಯೆಗಳನ್ನು ಓದುವುದನ್ನೂ ಬರೆಯುವುದನ್ನೂ ಕ್ರಮವಾಗಿ ಕಲಿಯುತ್ತಿದ್ದೇನೆ. ಏಳು ಅಕ್ಷರಗಳ ಬೆಲೆ ಬಾಯಿಪಾಠವಾಗಿದೆ: ‘ಐ’ 1, ‘ವಿ’ 5, ‘ಎಕ್ಸ್’ 10, ‘ಎಲ್’ 50, ‘ಸಿ’ 100, ‘ಡಿ’ 500, ‘ಎಂ’ 1000. ದೊಡ್ಡ ಅಕ್ಷರದ ಬಲಕ್ಕೆ ಚಿಕ್ಕದು ಬಂದರೆ ಕೂಡಬೇಕು, ಎಡಕ್ಕೆ ಬಂದರೆ ಕಳೆಯಬೇಕು ಎಂಬ ನಿಯಮವೂ ತಿಳಿದಿದೆ. ಆದರೆ ಈ ನಿಯಮದ ಪ್ರಕಾರ 49 ಎಂಬುದು ‘ಐ-ಎಲ್’ ಆಗಬೇಕು, 1999 ಎಂಬುದು ‘ಎಂ-ಐ-ಎಂ’ ಆಗಬೇಕು. ಪುಸ್ತಕಗಳಲ್ಲಿ ನೋಡಿದರೆ ಮೊದಲನೆಯದು ‘ಎಕ್ಸ್-ಎಲ್-ಐ-ಎಕ್ಸ್’ ಎಂದೂ ಎರಡನೆಯದು ‘ಎಂ-ಸಿ-ಎಂ-ಎಕ್ಸ್-ಸಿ-ಐ-ಎಕ್ಸ್’ ಎಂದೂ ಇದೆ. ಎರಡೇ ಅಕ್ಷರಗಳಲ್ಲಿ ಮುಗಿಯುವ ಕೆಲಸಕ್ಕೆ ನಾಲ್ಕು ಅಕ್ಷರಗಳು ಏಕೆ ಬೇಕು?

ಇದರ ಜೊತೆಗೆ ಇನ್ನೆರಡು ಸಂದೇಹಗಳಿವೆ. ಉದ್ದನೆಯ ರೋಮನ್ ಸಂಖ್ಯೆ ಎದುರಾದಾಗ ಎಲ್ಲಿ ಕೂಡಬೇಕು, ಎಲ್ಲಿ ಕಳೆಯಬೇಕು ಎಂದು ತಡವರಿಸದೆ ಓದುವ ಬಗೆ ಯಾವುದು? ಅನೇಕ ಗಡಿಯಾರಗಳಲ್ಲಿ ನಾಲ್ಕನ್ನು ‘ಐ-ವಿ’ ಎಂದು ಬರೆಯದೆ ‘ಐ-ಐ-ಐ-ಐ’ ಎಂದು ಬರೆದಿರುತ್ತಾರಲ್ಲ, ಅದು ತಪ್ಪೇ? ಓದಲು ಅನುಕೂಲವಾಗಲೆಂದು ಅಕ್ಷರಗಳ ನಡುವೆ ಗೆರೆ ಹಾಕಿದ್ದೇನೆ; ಉತ್ತರಿಸುವವರೂ ಹಾಗೆಯೇ ಬರೆಯಬೇಕೆಂದು ಕೋರಿಕೆ.

ಉತ್ತರ 1: ಬಿಡಿಹತ್ತುನೂರು

ನೀವು ಹೇಳಿದ ಕೂಡುವ-ಕಳೆಯುವ ನಿಯಮ ಸರಿಯಾಗಿದೆ, ಆದರೆ ಅದು ಓದುವವರಿಗೆ ಸಾಕಾಗುವಷ್ಟು ಬರೆಯುವವರಿಗೆ ಸಾಕಾಗುವುದಿಲ್ಲ. ಬರೆಯುವಾಗ ಸಂಖ್ಯೆಯನ್ನು ಮೊದಲು ಸಾವಿರ, ನೂರು, ಹತ್ತು, ಬಿಡಿ ಎಂದು ವಿಸ್ತರಿಸಿಕೊಂಡು, ಒಂದೊಂದು ಸ್ಥಾನವನ್ನೂ ಪ್ರತ್ಯೇಕವಾಗಿ ರೋಮನ್ ಅಕ್ಷರಗಳಿಗೆ ಪರಿವರ್ತಿಸಿ, ಆಮೇಲೆ ಎಡದಿಂದ ಬಲಕ್ಕೆ ಜೋಡಿಸಬೇಕು. 49 ಎಂದರೆ 40 ಮತ್ತು 9. ನಲವತ್ತು ‘ಎಕ್ಸ್-ಎಲ್’, ಒಂಬತ್ತು ‘ಐ-ಎಕ್ಸ್’. ಎರಡನ್ನೂ ಜೋಡಿಸಿದರೆ ‘ಎಕ್ಸ್-ಎಲ್-ಐ-ಎಕ್ಸ್’. ‘ಐ-ಎಲ್’ ಎಂದು ಬರೆದರೆ ಹತ್ತರ ಸ್ಥಾನ ಯಾವುದು, ಬಿಡಿ ಸ್ಥಾನ ಯಾವುದು ಎಂಬುದೇ ಅಳಿಸಿಹೋಗುತ್ತದೆ. 1999 ಕೂಡ ಹೀಗೆಯೇ: 1000, 900, 90, 9 ಎಂದು ಒಡೆದರೆ ‘ಎಂ’, ‘ಸಿ-ಎಂ’, ‘ಎಕ್ಸ್-ಸಿ’, ‘ಐ-ಎಕ್ಸ್’ ಎಂಬ ನಾಲ್ಕು ತುಂಡುಗಳು ಸಿಗುತ್ತವೆ.

ರೋಮನ್ ಪದ್ಧತಿಯಲ್ಲಿ ಸೊನ್ನೆಯೂ ಇಲ್ಲ, ಸ್ಥಾನಬೆಲೆಯೂ ಇಲ್ಲ ಎಂದು ಓದಿರುತ್ತೇವೆ. ಅದು ನಿಜವೇ, ಆದರೂ ಆ ಪದ್ಧತಿ ಹತ್ತರ ಲೆಕ್ಕದ ಮೇಲೆಯೇ ನಿಂತಿದೆ ಎಂಬುದನ್ನು ಕಲಿಸುವವರು ಒತ್ತಿ ಹೇಳುವುದು ಕಡಿಮೆ. ಪ್ರತಿ ಸ್ಥಾನಕ್ಕೂ ಮೂರು ಅಕ್ಷರಗಳಿವೆ. ಬಿಡಿ ಸ್ಥಾನಕ್ಕೆ ‘ಐ’, ‘ವಿ’, ‘ಎಕ್ಸ್’. ಹತ್ತರ ಸ್ಥಾನಕ್ಕೆ ‘ಎಕ್ಸ್’, ‘ಎಲ್’, ‘ಸಿ’. ನೂರರ ಸ್ಥಾನಕ್ಕೆ ‘ಸಿ’, ‘ಡಿ’, ‘ಎಂ’. ಇವುಗಳನ್ನು ಕಿರಿದು, ನಡುವಿನದು, ಹಿರಿದು ಎಂದು ಕರೆಯೋಣ. ಒಂದರಿಂದ ಮೂರರವರೆಗೆ ಕಿರಿದನ್ನೇ ಮತ್ತೆ ಮತ್ತೆ ಬರೆಯುತ್ತೇವೆ. ನಾಲ್ಕಕ್ಕೆ ನಡುವಿನದರ ಹಿಂದೆ ಕಿರಿದನ್ನು ಇಡುತ್ತೇವೆ. ಐದಕ್ಕೆ ನಡುವಿನದೊಂದೇ ಸಾಕು. ಆರರಿಂದ ಎಂಟರವರೆಗೆ ನಡುವಿನದರ ಮುಂದೆ ಕಿರಿದನ್ನು ಸೇರಿಸುತ್ತಾ ಹೋಗುತ್ತೇವೆ. ಒಂಬತ್ತಕ್ಕೆ ಹಿರಿದರ ಹಿಂದೆ ಕಿರಿದನ್ನು ಇಡುತ್ತೇವೆ. ಬಿಡಿ ಸ್ಥಾನದಲ್ಲಿ ಈ ಮಾದರಿ ಕೈವಶವಾದರೆ ಉಳಿದ ಸ್ಥಾನಗಳಿಗಾಗಿ ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. 7 ಎಂಬುದು ‘ವಿ-ಐ-ಐ’ ಆದರೆ 70 ಎಂಬುದು ‘ಎಲ್-ಎಕ್ಸ್-ಎಕ್ಸ್’, 700 ಎಂಬುದು ‘ಡಿ-ಸಿ-ಸಿ’.

‘ಐ’ ಅಕ್ಷರವನ್ನು ‘ವಿ’ ಮತ್ತು ‘ಎಕ್ಸ್’ಗಳಿಂದ ಮಾತ್ರ, ‘ಎಕ್ಸ್’ ಅಕ್ಷರವನ್ನು ‘ಎಲ್’ ಮತ್ತು ‘ಸಿ’ಗಳಿಂದ ಮಾತ್ರ, ‘ಸಿ’ ಅಕ್ಷರವನ್ನು ‘ಡಿ’ ಮತ್ತು ‘ಎಂ’ಗಳಿಂದ ಮಾತ್ರ ಕಳೆಯಬೇಕು ಎಂಬ ಕಟ್ಟಳೆಗಳನ್ನು ಪುಸ್ತಕಗಳು ಪಟ್ಟಿ ಮಾಡುತ್ತವೆ. ಇವನ್ನು ಉರುಹೊಡೆಯುವ ಅಗತ್ಯವೇ ಇಲ್ಲ, ಏಕೆಂದರೆ ಮೇಲಿನ ಮಾದರಿಯಿಂದ ಇವು ತಾವಾಗಿಯೇ ಹೊರಡುತ್ತವೆ. ‘ವಿ’, ‘ಎಲ್’, ‘ಡಿ’ಗಳು ಎರಡು ಬಾರಿ ಬರದಿರುವುದಕ್ಕೂ ಕಾರಣ ಸರಳ: ಎರಡು ‘ವಿ’ ಸೇರಿದರೆ ಅದು ‘ಎಕ್ಸ್’ ಆಗಿಬಿಡುತ್ತದೆ. ಯಾವುದಾದರೂ ಸ್ಥಾನದಲ್ಲಿ ಸೊನ್ನೆ ಇದ್ದರೆ ಅಲ್ಲಿ ಏನನ್ನೂ ಬರೆಯದೆ ಮುಂದಕ್ಕೆ ಹೋಗಬೇಕು. 1066 ಎಂಬುದರಲ್ಲಿ ನೂರರ ಸ್ಥಾನ ಖಾಲಿಯಾದ್ದರಿಂದ ಅದು ‘ಎಂ-ಎಲ್-ಎಕ್ಸ್-ವಿ-ಐ’.

ಉತ್ತರ 2: ನಿಧಾನವಾಗಿಓದಿ

ಬರೆಯುವುದಕ್ಕೆ ಮೇಲಿನ ವಿಧಾನವನ್ನೇ ನಾನೂ ಒಪ್ಪುತ್ತೇನೆ. ಓದುವಾಗ ಮಾತ್ರ ಸ್ಥಾನಗಳನ್ನು ಹುಡುಕುತ್ತಾ ಕುಳಿತರೆ ವೇಗ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಳೆಯುವ ಜೋಡಿಗಳು ಒಟ್ಟು ಆರೇ ಇರುವುದರಿಂದ (4, 9, 40, 90, 400, 900) ಮೊದಲು ಆ ಜೋಡಿಗಳನ್ನು ಗುರುತಿಸಿಕೊಳ್ಳುವುದು ಮೇಲು. ಎಡದಿಂದ ಹೊರಟು, ಪ್ರತಿ ಅಕ್ಷರವನ್ನೂ ಅದರ ಬಲಗಡೆಯ ಅಕ್ಷರದೊಂದಿಗೆ ಹೋಲಿಸಿ, ಎಡಗಡೆಯದು ಚಿಕ್ಕದಾಗಿದ್ದರೆ ಎರಡನ್ನೂ ಒಂದೇ ಸಂಖ್ಯೆಯೆಂದು ಭಾವಿಸಿ ಅಡಿಗೆರೆ ಎಳೆಯಿರಿ. ಉಳಿದದ್ದು ಬರಿಯ ಸಂಕಲನ.

‘ಎಂ-ಸಿ-ಎಂ-ಎಕ್ಸ್-ಎಲ್-ಐ-ವಿ’ ಎಂಬುದನ್ನು ತೆಗೆದುಕೊಳ್ಳಿ. ಮೊದಲ ‘ಎಂ’ ಒಂಟಿ, ಆಮೇಲೆ ‘ಸಿ-ಎಂ’, ‘ಎಕ್ಸ್-ಎಲ್’, ‘ಐ-ವಿ’ ಎಂಬ ಮೂರು ಜೋಡಿಗಳು: 1000, 900, 40, 4, ಒಟ್ಟು 1944. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಕೈಯಲ್ಲಿರುವ ಫಲಕದಲ್ಲಿ ಜುಲೈ ‘ಐ-ವಿ’, ‘ಎಂ-ಡಿ-ಸಿ-ಸಿ-ಎಲ್-ಎಕ್ಸ್-ಎಕ್ಸ್-ವಿ-ಐ’ ಎಂದು ಕೆತ್ತಲಾಗಿದೆ. ಅದರ ಇಸವಿಯಲ್ಲಿ ಒಂದೂ ಜೋಡಿ ಇಲ್ಲ. ನೇರವಾಗಿ ಕೂಡಿದರೆ 1776 ಬರುತ್ತದೆ.

ಒಂದು ಎಚ್ಚರಿಕೆ ಇರಲಿ. ಅಕ್ಷರಗಳ ಸಾಲು ಉದ್ದವಾಗಿದ್ದ ಮಾತ್ರಕ್ಕೆ ಸಂಖ್ಯೆ ದೊಡ್ಡದೆಂದು ಭಾವಿಸಬಾರದು. 1888 ಬರೆಯಲು 13 ಅಕ್ಷರಗಳು ಬೇಕು, 2000 ಬರೆಯಲು ಎರಡೇ ಸಾಕು. ಓದಿದ್ದು ಸರಿಯೇ ಎಂದು ಪರೀಕ್ಷಿಸಬೇಕಾದರೆ, ಜೋಡಿ ಕಟ್ಟಿದ ಮೇಲೆ ತುಂಡುಗಳ ಬೆಲೆ ಎಡದಿಂದ ಬಲಕ್ಕೆ ಇಳಿಯುತ್ತಾ ಅಥವಾ ಸಮನಾಗಿ ಸಾಗುತ್ತದೆಯೇ ಎಂದು ನೋಡಿ. ಎಲ್ಲಾದರೂ ಏರಿದರೆ ಒಂದೋ ಓದಿದವರು ಎಡವಿದ್ದಾರೆ, ಇಲ್ಲವೇ ಬರೆದವರು.

ಉತ್ತರ 3: ಗೋಡೆಗಡಿಯಾರ

ಗಡಿಯಾರದ ‘ಐ-ಐ-ಐ-ಐ’ ತಪ್ಪಲ್ಲ. ಇಂದು ನಾವು ಪಾಲಿಸುವ ಕಟ್ಟುನಿಟ್ಟನ್ನು ರೋಮನ್ನರೇ ಪಾಲಿಸಲಿಲ್ಲ. ರೋಮ್‌ನ ಕೊಲೋಸಿಯಂನಲ್ಲಿ 44ನೆಯ ದ್ವಾರದ ಮೇಲೆ ‘ಎಕ್ಸ್-ಎಲ್-ಐ-ಐ-ಐ-ಐ’ ಎಂದಿದೆ. ಒಂದೇ ಸಂಖ್ಯೆಯೊಳಗೆ ನಲವತ್ತನ್ನು ಕಳೆದು ಬರೆದಿದ್ದಾರೆ, ನಾಲ್ಕನ್ನು ಕೂಡಿ ಬರೆದಿದ್ದಾರೆ! ಲಂಡನ್ನಿನ ಅಡ್ಮಿರಾಲ್ಟಿ ಕಮಾನಿನ ಮೇಲೆ 1910 ಎಂಬ ಇಸವಿಯನ್ನು ‘ಎಂ-ಸಿ-ಎಂ-ಎಕ್ಸ್’ ಎಂದು ಬರೆಯದೆ ‘ಎಂ-ಡಿ-ಸಿ-ಸಿ-ಸಿ-ಸಿ-ಎಕ್ಸ್’ ಎಂದು ಕೆತ್ತಿದ್ದಾರೆ. ಅದು ಪ್ರಾಚೀನವೇನೂ ಅಲ್ಲ.

ಗಡಿಯಾರದ ವಿಷಯದಲ್ಲಿ ಹಲವು ವಿವರಣೆಗಳು ಬಳಕೆಯಲ್ಲಿವೆ. ಎದುರು ಬದಿಯ ‘ವಿ-ಐ-ಐ-ಐ’ಗೆ ತೂಕದಲ್ಲಿ ಸರಿಹೊಂದಲೆಂದು ಹೀಗೆ ಮಾಡುತ್ತಾರೆ ಎನ್ನುವುದು ಒಂದು. ಹಾಗೆ ಬರೆದಾಗ ಮೊದಲ ನಾಲ್ಕು ಗಂಟೆಗಳಲ್ಲಿ ‘ಐ’ ಮಾತ್ರ ಇರುತ್ತದೆ, ಮುಂದಿನ ನಾಲ್ಕರಲ್ಲಿ ‘ವಿ’ ಸೇರುತ್ತದೆ, ಕೊನೆಯ ನಾಲ್ಕರಲ್ಲಿ ‘ಎಕ್ಸ್’ ಸೇರುತ್ತದೆ ಎನ್ನುವುದು ಇನ್ನೊಂದು. ಇವುಗಳಲ್ಲಿ ಯಾವುದನ್ನೂ ಏಕೈಕ ಕಾರಣವೆಂದು ಸಾಧಿಸುವುದು ಕಷ್ಟ. ಬಿಗ್ ಬೆನ್ ಎಂದು ಹೆಸರಾದ ಲಂಡನ್ನಿನ ಗಡಿಯಾರದಲ್ಲಿ ‘ಐ-ವಿ’ ಎಂದೇ ಇದೆ. ಆದ್ದರಿಂದ ಹಳೆಯ ಕಟ್ಟಡಗಳನ್ನೂ ಗಡಿಯಾರಗಳನ್ನೂ ಓದುವಾಗ ಉದಾರವಾಗಿರಿ, ನೀವು ಬರೆಯುವಾಗ ಇಂದಿನ ರೂಢಿಯನ್ನೇ ಅನುಸರಿಸಿ.

ಅಂಕಿಜಿಜ್ಞಾಸು

ಎಲ್ಲರಿಗೂ ಧನ್ಯವಾದಗಳು. ಸ್ಥಾನಗಳಾಗಿ ಒಡೆಯುವ ವಿಧಾನದಿಂದ 3999 ಎಂಬುದನ್ನು ‘ಎಂ-ಎಂ-ಎಂ-ಸಿ-ಎಂ-ಎಕ್ಸ್-ಸಿ-ಐ-ಎಕ್ಸ್’ ಎಂದು ಬರೆದೆ. ಅದರಾಚೆಗೆ ಹೋಗುವುದು ಹೇಗೆ? ಇನ್ನೊಂದು ಮಾತು: ಎಕ್ಸೆಲ್‌ನ ‘ರೋಮನ್’ ಸೂತ್ರವನ್ನು ಬಳಸಿದ ಒಂದು ಹಾಳೆಯಲ್ಲಿ 499ಕ್ಕೆ ‘ಐ-ಡಿ’ ಎಂಬ ಉತ್ತರ ಬಂದಿದೆ. ಇಲ್ಲಿ ಓದಿದ್ದಕ್ಕೆ ಇದು ವಿರುದ್ಧವಲ್ಲವೇ?

ಉತ್ತರ 4: ಬಿಡಿಹತ್ತುನೂರು

ಸಾವಿರದ ಸ್ಥಾನಕ್ಕೆ ‘ಎಂ’ ಒಂದೇ ಅಕ್ಷರವಿದೆ. ಐದು ಸಾವಿರಕ್ಕೂ ಹತ್ತು ಸಾವಿರಕ್ಕೂ ಏಳು ಅಕ್ಷರಗಳಲ್ಲಿ ಗುರುತಿಲ್ಲ. ಹಾಗಾಗಿ ನಾಲ್ಕನೆಯ ಸಾವಿರವನ್ನು ಬರೆಯುವ ಜೋಡಿಯೇ ಸಿಗದೆ, ಸಾಮಾನ್ಯ ಪದ್ಧತಿ 3999ಕ್ಕೆ ನಿಲ್ಲುತ್ತದೆ. ಅದಕ್ಕಿಂತ ದೊಡ್ಡದನ್ನು ಬರೆಯಬೇಕಾದರೆ ಅಕ್ಷರಗಳ ನೆತ್ತಿಯ ಮೇಲೆ ಅಡ್ಡಗೆರೆ ಎಳೆಯುವ ರೂಢಿಯಿದೆ. ಆ ಗೆರೆ ಕೆಳಗಿನ ಬೆಲೆಯನ್ನು ಸಾವಿರದಿಂದ ಗುಣಿಸುತ್ತದೆ; ಗೆರೆಯಿರುವ ‘ಐ-ವಿ’ ಎಂದರೆ 4000.

ಎಕ್ಸೆಲ್ ಸೂತ್ರದಲ್ಲಿ ಸಂಖ್ಯೆಯ ಜೊತೆಗೆ 0ರಿಂದ 4ರವರೆಗಿನ ಇನ್ನೊಂದು ಅಂಕಿಯನ್ನು ಕೊಡಲು ಅವಕಾಶವಿದೆ. 0 ಕೊಟ್ಟರೆ ಅಥವಾ ಏನನ್ನೂ ಕೊಡದಿದ್ದರೆ 499ಕ್ಕೆ ‘ಸಿ-ಡಿ-ಎಕ್ಸ್-ಸಿ-ಐ-ಎಕ್ಸ್’ ಎಂಬ ಶಾಸ್ತ್ರೀಯ ರೂಪ ಬರುತ್ತದೆ. ಆ ಅಂಕಿ ಹೆಚ್ಚಿದಂತೆ ಉತ್ತರ ಸಂಕ್ಷಿಪ್ತವಾಗುತ್ತಾ ಹೋಗಿ, 2ಕ್ಕೆ ‘ಎಕ್ಸ್-ಡಿ-ಐ-ಎಕ್ಸ್’, 3ಕ್ಕೆ ‘ವಿ-ಡಿ-ಐ-ವಿ’, 4ಕ್ಕೆ ‘ಐ-ಡಿ’ ಆಗುತ್ತದೆ. ಇವುಗಳಲ್ಲಿ ‘ವಿ’ ಅಕ್ಷರವನ್ನೂ ಕಳೆದಿರುವುದನ್ನು ಗಮನಿಸಿ. ಇಂಥ ರೂಪಗಳನ್ನು ಪುಸ್ತಕದ ಅಧ್ಯಾಯಕ್ಕಾಗಲಿ ಇಸವಿಗಾಗಲಿ ಯಾರೂ ಬಳಸುವುದಿಲ್ಲ. ನಿಮಗೆ ಸಿಕ್ಕ ಹಾಳೆಯನ್ನು ಸಿದ್ಧಪಡಿಸಿದವರು 4 ಎಂದು ಕೊಟ್ಟಿರಬೇಕು. ಆ ಜಾಗವನ್ನು ಖಾಲಿ ಬಿಟ್ಟರೆ ಸಾಕು. ರೋಮನ್ ರೂಪದಿಂದ ಸಂಖ್ಯೆಗೆ ಮರಳಲು ಅದರಲ್ಲಿಯೇ ‘ಅರೇಬಿಕ್’ ಎಂಬ ಸೂತ್ರವೂ ಇದೆ.