ಬೀಗರೂಟಕ್ಕೆ ಎಷ್ಟು ಕೆಜಿ ಬಾಡು?

"ತಲೆಗೆ ಕಾಲು ಕೆಜಿ ಹಿಡಿಯಿರಿ ಗೌಡ್ರೇ, ಆಮೇಲೆ ಹಾಯಾಗಿ ನಿದ್ದೆ ಮಾಡಿ" ಎಂದ ದಪ್ಪಣ್ಣ.

"ಯಾರ ತಲೆಗೆ? ನಿನ್ನ ತಲೆಗೋ, ಮನುಷ್ಯರ ತಲೆಗೋ?" ಎಂದು ಕುಳ್ಳ ಕೇಳಿದ.

ಗೌಡರ ಮಗನ ಮದುವೆ ಮುಗಿದಿತ್ತು. ಮುಂದಿನ ಭಾನುವಾರ ಬೀಗರೂಟ, ಅಂದರೆ ಮದುವೆ ಆದ ಮೇಲೆ ಬೀಗರಿಗೂ ನೆಂಟರಿಗೂ ಹಾಕುವ ಮಾಂಸದೂಟ. ಮಂಡ್ಯ ಕಡೆ ಮದುವೆಗೆ ಹೋಗದಿದ್ದರೂ ಜನ ಕ್ಷಮಿಸುತ್ತಾರೆ, ಬೀಗರೂಟಕ್ಕೆ ಕರೆಯದಿದ್ದರೆ ಮಾತು ಬಿಡುತ್ತಾರೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಅಲ್ಲೂ ಬಾಡೂಟ ಬೇಕು ಅಂತ ಕೂಗೆದ್ದಿತ್ತಲ್ಲ, ಅಂಥ ಜಿಲ್ಲೆ ನಮ್ಮದು. ಹಾಗಾಗಿ ಗೌಡರ ಜಗಲಿಯ ಮೇಲೆ ಸಭೆ ಸೇರಿತ್ತು. ಲೆಕ್ಕ ಬರೆಯೋಕೆ ಮೇಷ್ಟ್ರನ್ನು ಕರೆಸಿದ್ದರು. ಮೇಷ್ಟ್ರು ಹುಟ್ಟಾ ಸಸ್ಯಾಹಾರಿ. ಊರಿನಲ್ಲಿ ಯಾರ ಮನೆಯ ಬಾಡೂಟಕ್ಕೂ ಲೆಕ್ಕ ಹಾಕುವವರು ಅವರೇ. ಲೆಕ್ಕದಲ್ಲಿ ಆಸೆ ಬೆರೆಯುವುದಿಲ್ಲ ಅನ್ನೋದು ಜನರ ನಂಬಿಕೆ.

"ಮೊದಲು ಜನ ಎಷ್ಟು ಹೇಳಿ" ಎಂದರು ಮೇಷ್ಟ್ರು.

"ನೂರು ಕಾರ್ಡು ಹಂಚಿದ್ದೀನಿ. ಇನ್ನೂರು ಜನ ಅನ್ಕೊಳ್ಳಿ."

ಕುಳ್ಳ ಜೋರಾಗಿ ನಕ್ಕ. "ಮುಹೂರ್ತಕ್ಕಾದರೆ ಕಾರ್ಡಿಗೆ ಇಬ್ಬರು. ಮುಯ್ಯಿ ಕವರು ಕೊಟ್ಟು, ಅಕ್ಷತೆ ಹಾಕಿ ಹೋಗುತ್ತಾರೆ. ಬಾಡೂಟಕ್ಕೆ ಕಾರ್ಡಿಗೆ ನಾಲ್ಕು. ಭಾನುವಾರ ಬೇರೆ! ಬುಧವಾರ ಇಟ್ಟಿದ್ದರೆ ಅರ್ಧ ಜನ ಕೆಲಸಕ್ಕೆ ಹೋಗಿರೋರು, ಎರಡು ಟಗರು ಉಳಿಯೋದು."

ಮೇಷ್ಟ್ರು 400 ಅಂತ ಬರೆದುಕೊಂಡರು. "ಕಾಲು ಕೆಜಿಯಂತೆ 100 ಕೆಜಿ. 200 ಗ್ರಾಂ ಆದರೆ 80. ಕೆಜಿಗೆ 800 ರೂಪಾಯಿ ಹಿಡಿದರೂ ವ್ಯತ್ಯಾಸ 16,000. ದಪ್ಪಣ್ಣನ ಒಂದು ಮಾತಿಗೆ ಗೌಡರಿಗೆ ಬೀಳುವ ಖರ್ಚು ಇದು."

"200 ಗ್ರಾಂ ಅಂದ್ರೆ ಎಲೆ ಮೇಲೆ ಏನು ಕಾಣುತ್ತೆ ಅಂತ ಗೊತ್ತಾ ನಿಮಗೆ?" ದಪ್ಪಣ್ಣ ಕೆರಳಿದ. "ಕಟುಕರ ಅಂಗಡೀಲಿ ಸಾರಿಗೆ ಅಂತ ಕೇಳಿದರೆ ಕೆಜಿಗೆ 40 ಪೀಸು ಕೊಚ್ತಾರೆ. ಹಂಗಾದ್ರೆ ತಲೆಗೆ ಎಂಟು ಪೀಸು. ಅದರಲ್ಲಿ ಎರಡು ಬರೀ ಮೂಳೆ. ಒಂದು ಕೊಬ್ಬು. ಬೆಂದ ಮೇಲೆ ನೀರಿಳಿದು ಉಳಿದದ್ದೂ ಕಾಲು ಭಾಗ ಕುಗ್ಗುತ್ತೆ. ನನಗೆ ಅದು ಉಪ್ಪು ನೋಡೋಕೆ ಆಗುತ್ತೆ, ಅಷ್ಟೇ."

ಈ ಮಾತನ್ನು ಯಾರೂ ತಳ್ಳಿಹಾಕಲಿಲ್ಲ. ಕಳೆದ ವರ್ಷ ಯುಗಾದಿಯ ಮರುದಿನದ ಹೊಸತೊಡಕಿನಲ್ಲಿ, ಊರವರು ಸೇರಿ ಕೊಯ್ದು ಗುಡ್ಡೆ ಹಾಕಿ ಹಂಚಿಕೊಳ್ಳುವ ಗುಡ್ಡೆ ಬಾಡಿನ ಒಂದು ಪಾಲನ್ನು ಅವನೊಬ್ಬನೇ ಮುಗಿಸಿದ್ದ. ಆ ಪಾಲು ಅವನ ಇಡೀ ಸಂಸಾರಕ್ಕೆ ಅಂತ ಇಟ್ಟದ್ದು.

ಕುಳ್ಳ ಹಿಂದೆ ಮದುವೆ ಅಡುಗೆಯವರ ಜೊತೆ ಓಡಾಡಿದವನು. ಅವನ ಲೆಕ್ಕವೇ ಬೇರೆ. "ಗ್ರಾಂ ಬಿಡಿ ಗೌಡ್ರೇ, ಮೆನು ಹೇಳಿ. ಮುದ್ದೆ ಮೊದಲು ಬೀಳಬೇಕು. ಬಿಸಿ ಮುದ್ದೆ, ದೊಡ್ಡದಾಗಿ. ಅರ್ಧ ಹೊಟ್ಟೆ ಅಲ್ಲೇ ಮುಗೀತು. ಕೈಮ ಉಂಡೆ ಮಾಡಿಸಿ, ಹುರಿಗಡಲೆ ಪುಡಿ ಸೇರುತ್ತೆ, ಮಾಂಸ ಮೂರು ಕೆಜಿ ಹಾಕಿದರೂ ಐದು ಕೆಜಿಯ ಹಾಗೆ ಕಾಣುತ್ತೆ. ಪಕ್ಕದಲ್ಲಿ ಚಿಕನ್ ಕಬಾಬು. ಹುಡುಗರೆಲ್ಲ ಅದಕ್ಕೆ ಬೀಳ್ತಾರೆ. ಬೋಟಿ ಗೊಜ್ಜನ್ನ ಬೆಳಗಿನ ಇಡ್ಲಿಗೇ ಮುಗಿಸಿಬಿಡಿ. ತಲೆಮಾಂಸ ಅಡುಗೆಯವರಿಗೆ ಅಂತ ಹೇಳಿ, ಅದೆಲ್ಲಿ ಹೋಯ್ತು ಅಂತ ಆಮೇಲೆ ಕೇಳಬೇಡಿ."

"ಮತ್ತೆ ಬಡಿಸೋರು ಯಾರು?" ಎಂದು ನಾನು ಕೇಳಿದೆ. ನನ್ನ ಪ್ರಕಾರ ಎಲ್ಲ ನಿಂತಿರೋದು ಅಲ್ಲೇ. ಬಡಿಸುವ ಕೈಯನ್ನು ಹತ್ತಿರದಿಂದ ನೋಡಬೇಕು ನೀವು. ಸೌಟನ್ನು ಬಕೆಟ್ಟಿನ ತಳಕ್ಕೆ ಬಿಟ್ಟು, ಗೋಡೆಗೆ ತಾಗಿಸಿ ಒಂದು ಸುತ್ತು ತಿರುಗಿಸಿ, ನಿಧಾನಕ್ಕೆ ಎತ್ತಿದರೆ ನಾಲ್ಕು ಪೀಸು ಮೇಲೆ ಬರುತ್ತವೆ. ಅದೇ ಸೌಟನ್ನು ಮೇಲಿನಿಂದ ಅದ್ದಿ ಚಟ್ಟನೆ ಎತ್ತಿದರೆ ಎಣ್ಣೆ ತೇಲುವ ಸಾರು, ಜೊತೆಗೊಂದು ಬೆಂದ ಕೊತ್ತಂಬರಿ ಕಡ್ಡಿ. ಬಡಿಸುವವನು ಎಲೆ ನೋಡೋದಿಲ್ಲ, ಮುಖ ನೋಡುತ್ತಾನೆ. ಗೆಳೆಯ ಕಂಡರೆ ಸೌಟು ತಳಕ್ಕೆ ಇಳಿಯುತ್ತೆ. ಮೊದಲ ಪಂಕ್ತಿಯಲ್ಲಿ ಹೀಗೆ ಹತ್ತು ಜನ ಗೆಳೆಯರು ಕೂತರೆ ನಾಲ್ಕನೇ ಪಂಕ್ತಿಯವರು ಆಲೂಗಡ್ಡೆ ಎಣಿಸಬೇಕಾಗುತ್ತೆ. ಆಗ 80 ಕೆಜಿಯೂ ಸಾಲದು, 120ಕ್ಕೂ ಅದೇ ಗತಿ.

"ಹಂಗಾದ್ರೆ ಗಂಡಿನ ಕಡೆಯವರು ಬಡಿಸಲೇಬಾರದು" ಎಂದ ದಪ್ಪಣ್ಣ. "ನಾನು ಬಡಿಸ್ತೀನಿ."

"ನೀನು ಬಕೆಟ್ಟು ಹಿಡಿದರೆ ಪಂಕ್ತಿ ತಲುಪೋ ಹೊತ್ತಿಗೆ ಸಾರು ಮಾತ್ರ ಇರುತ್ತೆ ಮಾರಾಯ!"

ಗೌಡರಿಗೆ ಬೇರೆಯೇ ಚಿಂತೆ. "ಬೀಗರಿಗೆ ನಲ್ಲಿ ಮೂಳೆ, ಅದೇ ಮಜ್ಜೆ ತುಂಬಿದ ಕಾಲಿನ ಮೂಳೆ, ತಪ್ಪಬಾರದು ಕಣ್ರಪ್ಪಾ. ತೆಲಂಗಾಣದಲ್ಲಿ 2023ರಲ್ಲಿ ನಿಶ್ಚಿತಾರ್ಥದ ಊಟಕ್ಕೆ ನಲ್ಲಿ ಮೂಳೆ ಬಡಿಸಲಿಲ್ಲ ಅಂತ ಗಂಡಿನ ಕಡೆಯವರು ಮದುವೆಯನ್ನೇ ಮುರ್ಕೊಂಡ್ರಂತೆ, ಪೇಪರಿನಲ್ಲಿ ಬಂದಿತ್ತು."

"ನಿಮ್ಮದು ಆಗಿಹೋಗಿದೆಯಲ್ಲ, ಇನ್ನೇನು ಮುರೀತಾರೆ?"

"ಮುರಿಯೋದಿಲ್ಲ. ಮೊಮ್ಮಗನ ನಾಮಕರಣದವರೆಗೂ ಆಡ್ಕೋತಾರೆ. ಅದು ಇನ್ನೂ ಕಷ್ಟ."

ಮೇಷ್ಟ್ರು ಪೆನ್ನು ಎತ್ತಿದರು. "30 ಕೆಜಿ ತೂಗುವ ಟಗರು ಕೊಯ್ದರೆ 14 ಕೆಜಿ ಮಾಂಸ ಅಂತ ಹಿಡಿಯೋಣ. 80 ಕೆಜಿಗೆ ಆರು ಟಗರು. ಒಂದಕ್ಕೆ ನಾಲ್ಕು ಕಾಲು, ಕಾಲಿಗೆ ಎರಡು ದೊಡ್ಡ ಮೂಳೆ. ಒಟ್ಟು 48. ಬೀಗರ ಕಡೆಯಿಂದ ಎಷ್ಟು ಜನ?"

"ಅರವತ್ತು."

"ಹನ್ನೆರಡು ಜನಕ್ಕೆ ಇಲ್ಲ."

ಜಗಲಿ ತಣ್ಣಗಾಯಿತು. ಬಾಡಿನ ರುಚಿಗೆ ಹೆಸರಾದ ಬನ್ನೂರು ಕುರಿಯೇ ತಂದರೂ ಅದಕ್ಕೂ ನಾಲ್ಕೇ ಕಾಲು ಅಲ್ವಾ?

"ಮೂಳೆಯನ್ನ ಮಧ್ಯಕ್ಕೆ ಎರಡು ತುಂಡು ಮಾಡಿಸಿ, 96 ಆಗುತ್ತೆ" ಎಂದ ಕುಳ್ಳ. "ಒಳಗಿನ ಮಜ್ಜೆ ಸಾರಿಗೆ ಸೋರಿದರೆ ಸೋರಲಿ, ಸಾರಿಗೆ ರುಚಿ. ಬೀಗರು ಟೊಳ್ಳು ಮೂಳೇನ ಎಲೆಗೆ ಕುಟ್ಟಿಕೊಂಡು ಕೂರ್ತಾರೆ, ಅಷ್ಟು ಹೊತ್ತು ಎರಡನೇ ಸಲ ಪೀಸು ಕೇಳೋದಿಲ್ಲ."

ಇದಕ್ಕೆ ಮೇಷ್ಟ್ರೂ ತಲೆದೂಗಿದರು. ಕೊನೆಗೆ 80ಕ್ಕೂ 100ಕ್ಕೂ ನಡುವೆ 90 ಕೆಜಿ ಅಂತ ತೀರ್ಮಾನವಾಯಿತು. ಅಂದರೆ ಏಳು ಟಗರು. ಏಳು ಟಗರಿಗೆ ಮೂಳೆ 56, ಆದರೂ ನಾಲ್ಕು ಕಡಿಮೆ, ತುಂಡು ಮಾಡಿಸುವುದು ತಪ್ಪಲಿಲ್ಲ. ಬೆಂದದ್ದರಲ್ಲಿ ಒಂದು ಪಾತ್ರೆ ಗೌಡತಿಯ ಕೋಣೆಯಲ್ಲಿ ಬೀಗದೊಳಗೆ ಇರಬೇಕು, ಕೊನೆಯ ಪಂಕ್ತಿ ಕೂತ ಮೇಲೇ ಹೊರಗೆ ಬರಬೇಕು ಎಂದು ನಾನು ಹೇಳಿದೆ. ಯಾರೂ ಬೇಡ ಅನ್ನಲಿಲ್ಲ. ದಪ್ಪಣ್ಣ ಮಾತ್ರ ಬೀಗದ ಕೈ ಯಾರ ಹತ್ತಿರ ಇರುತ್ತೆ ಅಂತ ಎರಡು ಸಲ ಕೇಳಿದ.

ಎದ್ದು ಹೊರಡುವಾಗ ಮೇಷ್ಟ್ರು ಚೀಟಿಯನ್ನು ಮತ್ತೆ ನೋಡಿದರು. "ಅಲ್ಲಾ ಗೌಡ್ರೇ, ಈ ನಾನೂರು ಜನರಲ್ಲಿ ನಾನೂ ಇದ್ದೀನಾ?"

"ಇಲ್ಲದೆ ಏನು ಮೇಷ್ಟ್ರೇ! ನಿಮ್ಮದೇ ಮೊದಲ ಕಾರ್ಡು."

"ಹಾಗಾದರೆ ನನ್ನ ಪಾಲಿಗೂ 225 ಗ್ರಾಂ ಬಿದ್ದಿದೆ."

"ಅದು ನನಗೆ" ಎಂದ ಕುಳ್ಳ. "ಜೊತೆಗೆ ಬರೋನು ನಾನು, ಮೇಷ್ಟ್ರ ಪಕ್ಕದ ಎಲೆ ನಂದು" ಎಂದೆ ನಾನು.

"ಸುಮ್ನೆ ಜಗಳ ಬೇಡ್ರೋ" ಎಂದ ದಪ್ಪಣ್ಣ. "ಕಾಲು ಕೆಜಿ ಅಂತ ಹೇಳುವಾಗಲೇ ಮೇಷ್ಟ್ರ ಪಾಲನ್ನ ನನ್ನ ಲೆಕ್ಕಕ್ಕೆ ಹಾಕ್ಕೊಂಡಿದ್ದೆ."