ನೀರಿಳಿದಾಗ ಸಿಕ್ಕ ಲೂರ್‌ಗಳು: ಮನೆ ಗುಂಪಿನಲ್ಲಿ ನಡೆದ ವಾದ

ಚಿಕ್ಕಪ್ಪ: (ಫಾರ್ವರ್ಡ್ ಆದ ಫೋಟೋ) ಇದನ್ನು ನೋಡಿ ಎಲ್ಲರೂ. ಜಲಾಶಯದ ನೀರು ಇಳಿಸಿದ್ದಾರೆ, ಯಾರೋ ಒಬ್ಬರು ದಡದ ಕೆಸರಲ್ಲಿ ಓಡಾಡಿ ಮರದ ಬೊಡ್ಡೆಗಳಿಗೆ ಸಿಕ್ಕಿಕೊಂಡಿದ್ದ ಲೂರ್‌ಗಳನ್ನು (ಬಾಸ್ ಮೀನು ಹಿಡಿಯಲು ಗಾಳಕ್ಕೆ ಕಟ್ಟುವ ಕೃತಕ ಎರೆ) ಬಕೆಟ್ ತುಂಬ ಆರಿಸಿದ್ದಾರೆ. ಕೆಳಗೆ "ಗೇರ್ ಅಪ್‌ಗ್ರೇಡ್ ಆಯಿತು, ಕಾಸು ಖರ್ಚಿಲ್ಲ" ಅಂತ ಬರೆದಿದ್ದಾರೆ. ನನಗೆ ತುಂಬಾ ಇಷ್ಟವಾಯಿತು.

ಭಾವ: ಮಾವ, ನನಗೆ ಇದು ಒಪ್ಪಿಗೆಯಿಲ್ಲ. ಆ ಕೊಕ್ಕೆಗಳನ್ನು ದೊಡ್ಡದು ಮಾಡಿ ನೋಡಿ, ಪೂರ್ತಿ ತುಕ್ಕು. ಅದೃಷ್ಟಕ್ಕೆ ಸಿಕ್ಕಿದ್ದರಿಂದ ಗೇರ್ ಸುಧಾರಿಸುವುದಿಲ್ಲ. ಯಾವ ನೀರು, ಯಾವ ಲೂರ್, ಎಷ್ಟು ದೂರ ಎಸೆಯಬೇಕು ಅಂತ ಯೋಚಿಸಿ, ನಾಲ್ಕು ರಾಡ್ (ಗಾಳದ ಕೋಲು) ಕೈಯಲ್ಲಿ ಹಿಡಿದು ನೋಡಿ ತಂದರೆ ಮಾತ್ರ ಸುಧಾರಿಸುತ್ತದೆ.

ತಮ್ಮ: ಕೊಕ್ಕೆ ಬದಲಿಸಿದರೆ ಆಯಿತಲ್ವಾ ಭಾವ? ಕೊಕ್ಕೆ ಹಿಡಿದಿರುವ ಸ್ಪ್ಲಿಟ್ ರಿಂಗ್ ತೆಗೆಯುವ ಇಕ್ಕಳ ಇದ್ದರೆ ಎರಡು ನಿಮಿಷದ ಕೆಲಸ.

ಭಾವ: ಕೊಕ್ಕೆ ಸರಿ. ಒಳಗೆ ನೀರು ತುಂಬಿದ ಪ್ಲಾಸ್ಟಿಕ್ ಲೂರ್? ಬಿರುಕು ಬಿಟ್ಟು ನೀರು ಕುಡಿದ ಬಾಲ್ಸಾ ಮರದ ಲೂರ್? ಅವು ನೀರಲ್ಲಿ ನೇರವಾಗಿ ಈಜುವುದೇ ಇಲ್ಲ. ಜೊತೆಗೆ ಮೆತ್ತನೆಯ ಪ್ಲಾಸ್ಟಿಕ್ ಹುಳುಗಳನ್ನೂ ಅದೇ ಬಕೆಟ್‌ಗೆ ಹಾಕಿದ್ದಾರೆ, ಬಿಸಿಲಲ್ಲಿ ಬಿಟ್ಟರೆ ಅವು ಗಟ್ಟಿ ಲೂರ್‌ಗಳ ಬಣ್ಣವನ್ನು ಕರಗಿಸಿ ಅಂಟಿಕೊಳ್ಳುತ್ತವೆ.

ನಾನು: ಭಾವ, ನೀವು ಹೇಳಿದ್ದು ಅಷ್ಟೂ ನಿಜ. ಆದರೆ ಆ ಫೋಟೋದಲ್ಲಿ ಬಕೆಟ್‌ಗಿಂತ ಹಿಂದಿನ ಬೊಡ್ಡೆಗಳನ್ನು ನೋಡಿ. ಒಂದೇ ಬೊಡ್ಡೆಗೆ ಅಷ್ಟೊಂದು ಲೂರ್ ಸಿಕ್ಕಿಕೊಂಡಿವೆ ಅಂದರೆ ಎಲ್ಲರೂ ಅಲ್ಲಿಗೇ ಎಸೆಯುತ್ತಿದ್ದರು, ಅಂದರೆ ಬಾಸ್ ಅಲ್ಲಿ ಇರುತ್ತದೆ ಅಂತ ಅವರಿಗೆ ಗೊತ್ತಿತ್ತು. ನೀರು ತುಂಬಿದ ಮೇಲೆ ಆ ಬೊಡ್ಡೆ ಕಣ್ಣಿಗೆ ಕಾಣಿಸುವುದಿಲ್ಲ. ಇನ್ನೂ ಒಂದು ವಿಷಯ ಇದೆ, ನನಗೆ ಅದೇ ಮುಖ್ಯ. ಲೂರ್‌ಗಳ ಜೊತೆ ಉಳಿದಿರುವ ದಾರದ ತುಂಡುಗಳನ್ನು ನೋಡಬೇಕು. ತುದಿ ಗುಂಗುರಾಗಿ ಸುರುಳಿ ಸುತ್ತಿದ್ದರೆ ಗಂಟು ಜಾರಿದೆ. ದಾರದ ಮೈ ಒರಟಾಗಿದ್ದರೆ ಮರಕ್ಕೆ ಉಜ್ಜಿ ಸವೆದು ಹೋಗಿದೆ. ಯಾರಿಗೆ ಏನು ಬೇಕಿತ್ತು ಅನ್ನುವುದು ಅಲ್ಲೇ ಬರೆದಿದೆ. ಗಂಟು ಜಾರಿದವರು ಹೊಸ ರಾಡ್ ತಂದರೂ ಮೀನು ತಪ್ಪಿಸಿಕೊಳ್ಳುತ್ತಲೇ ಇರುತ್ತದೆ.

ಅಕ್ಕ: ಇದು ಚೆನ್ನಾಗಿದೆ. ನಾನು ಫೋಟೋದಲ್ಲಿ ಬಕೆಟ್ ಮಾತ್ರ ನೋಡಿದೆ.

ಭಾವ: ಅದು ಜಾಗದ ಬಗ್ಗೆ ಕಲಿತದ್ದು ಆಯಿತು. ಗೇರ್ ಎಲ್ಲಿ ಸುಧಾರಿಸಿತು?

ನಾನು: ಏನಾದರೂ ಕೈಕೊಟ್ಟಾಗ ಸುಧಾರಿಸುತ್ತದೆ ಅಂತ ಹೇಳುತ್ತಿದ್ದೇನೆ. ಮುರಿದಾಗ, ಕಳೆದಾಗ, ನೋವು ಬಂದಾಗ, ಯಾರೋ ಬೇಡ ಅಂದಾಗ. ಸುಮ್ನೆ ಕುಳಿತು ಯೋಚಿಸಿ ತಂದದ್ದಕ್ಕಿಂತ ಜಾಸ್ತಿ ಸಲ ಹಾಗೇ ಆಗುತ್ತದೆ.

ತಮ್ಮ: ಇದಕ್ಕೆ ನಾನೇ ಸಾಕ್ಷಿ. ನನ್ನ ಗ್ರ್ಯಾಫೈಟ್ ರಾಡ್ ಕಾರಿನ ಬಾಗಿಲಿಗೆ ಸಿಕ್ಕಿ ತುದಿ ಮುರಿಯಿತು. ಗೆಳೆಯನ ಹಳೆಯ ಫೈಬರ್‌ಗ್ಲಾಸ್ ರಾಡ್ ಕೇಳಿ ತಂದೆ. ಭಾರ ಜಾಸ್ತಿ, ಬಾಗುವುದು ಜಾಸ್ತಿ, ಇದರಲ್ಲಿ ಏನಾಗುತ್ತದೆ ಅಂದುಕೊಂಡಿದ್ದೆ. ಆದರೆ ಕ್ರ್ಯಾಂಕ್‌ಬೇಟ್ ಅನ್ನುವ ಮೀನಿನಾಕಾರದ ಲೂರ್ ಹಾಕಿದಾಗ ಕಚ್ಚಿದ ಬಾಸ್ ದೋಣಿ ತನಕ ಬರತೊಡಗಿತು. ಮುಂಚೆ ಅರ್ಧ ದಾರಿಯಲ್ಲೇ ತಪ್ಪಿಸಿಕೊಳ್ಳುತ್ತಿತ್ತು. ಆ ರಾಡ್ ನಾನು ವಾಪಸ್ ಕೊಡಲಿಲ್ಲ, ಅವನಿಗೆ ದಾರ ಸುತ್ತುವ ನನ್ನ ಇನ್ನೊಂದು ರೀಲ್ ಕೊಟ್ಟು ಇಟ್ಟುಕೊಂಡೆ.

ಭಾವ: ಅದಕ್ಕೆ ಕಾರಣ ಇದೆ. ಕ್ರ್ಯಾಂಕ್‌ಬೇಟ್‌ಗೆ ಇರುವುದು ಮೂರು ಮುಳ್ಳಿನ ಸಣ್ಣ ಕೊಕ್ಕೆ, ಬಾಸ್‌ನ ತುಟಿಯಂಚಿಗೆ ಚೂರು ಸಿಕ್ಕಿರುತ್ತದೆ ಅಷ್ಟೆ. ಗ್ರ್ಯಾಫೈಟ್ ಗಡುಸು. ಮೀನು ತಲೆ ಒದರಿದಾಗ ಕೊಕ್ಕೆ ಕಿತ್ತುಕೊಂಡು ಬರುತ್ತದೆ. ಫೈಬರ್‌ಗ್ಲಾಸ್ ಬಾಗಿಕೊಡುತ್ತದೆ. ಇದನ್ನು ಮೊದಲೇ ತಿಳಿದುಕೊಂಡು ತಂದಿದ್ದರೆ ರಾಡ್ ಮುರಿಯುವ ತನಕ ಕಾಯಬೇಕಿರಲಿಲ್ಲ.

ತಮ್ಮ: ಹೇಳಿದವರು ಬಹಳ ಜನ ಇದ್ದರು ಭಾವ. ಹಳೇ ಸಾಮಾನು ಅಂತ ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ಕೈಯಲ್ಲಿ ಹಿಡಿದ ಮೇಲೆ ಗೊತ್ತಾಯಿತು.

ಅಕ್ಕ: ನನ್ನದೂ ಹಾಗೇ. ಮೊಣಕೈ ನೋವು ಬಂದು ದೊಡ್ಡ ಬೇಟ್‌ಕಾಸ್ಟರ್ (ಎಸೆಯುವಾಗ ದಾರದ ಉರುಳೆ ತಿರುಗುವ ರೀಲ್), ಭಾರದ ಲೂರ್ ಎಸೆಯುವುದು ಬಿಡಬೇಕಾಯಿತು. ಹಗುರ ಸ್ಪಿನ್ನಿಂಗ್ ರಾಡ್, ತೆಳು ದಾರ, ಚಿಕ್ಕ ಹುಳು. ಇವರು ಆಗ ಏನು ಹೇಳಿದ್ದರು ಅಂತ ನೆನಪಿದೆ, "ಇದರಲ್ಲಿ ದೊಡ್ಡ ಬಾಸ್ ಬರುವುದಿಲ್ಲ" ಅಂತ. ನೀರು ತಿಳಿಯಾಗಿರುವ ದಿನ, ಎಲ್ಲರೂ ಎಸೆದು ಎಸೆದು ಮೀನು ಹುಷಾರಾಗಿರುವ ಕಡೆ, ನನಗೇ ಜಾಸ್ತಿ ಬರುತ್ತದೆ. ನೋವು ಹೋಯಿತು, ನಾನು ಮಾತ್ರ ಹಳೆಯ ರಾಡ್‌ಗೆ ವಾಪಸ್ ಹೋಗಲಿಲ್ಲ.

ಭಾವ: ಹೇಳಿದ್ದೆ, ನಿಜ.

ಚಿಕ್ಕಪ್ಪ: ಅಳಿಯಂದಿರೇ, ಮನೆಯಲ್ಲೇ ಸಾಕ್ಷಿ ಇದೆ ನೋಡಿ.

ಅತ್ತೆ: ನಾನೂ ಒಂದು ಸೇರಿಸುತ್ತೇನೆ. ಲೂನ್ ಅನ್ನುವ ನೀರುಹಕ್ಕಿ ಸೀಸದ ಸಿಂಕರ್ (ದಾರವನ್ನು ಮುಳುಗಿಸುವ ಗುಂಡು) ನುಂಗಿ ವಿಷವೇರಿ ಸಾಯುತ್ತದೆ. ಅದಕ್ಕೇ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಂದು ಔನ್ಸ್ ಅಥವಾ ಅದಕ್ಕಿಂತ ಕಡಿಮೆ ತೂಕದ ಸೀಸದ ಸಿಂಕರ್, ಜಿಗ್ (ಗುಂಡು ಕೂರಿಸಿದ ಕೊಕ್ಕೆ) ಬಳಸುವಂತಿಲ್ಲ. ಸೀಸ ಬಿಡಬೇಕಾದಾಗ ಟಂಗ್‌ಸ್ಟನ್‌ಗೆ ಹೋದವರು ಇದ್ದಾರೆ. ಸೀಸದ ಸಾಂದ್ರತೆ 11.3, ಶುದ್ಧ ಟಂಗ್‌ಸ್ಟನ್‌ನದು 19.3. ಅಂದರೆ ಅದೇ ತೂಕಕ್ಕೆ ಗುಂಡು ಎಷ್ಟೋ ಚಿಕ್ಕದು. ಗಟ್ಟಿ ಲೋಹ ಬೇರೆ, ತಳದಲ್ಲಿ ಕಲ್ಲು ತಾಗಿದರೆ ಬೆರಳಿಗೆ ಟಕ್ ಅಂತ ತಿಳಿಯುತ್ತದೆ, ಕೆಸರಾದರೆ ಮೆತ್ತಗೆ ಎಳೆಯುತ್ತದೆ. ಹಕ್ಕಿಗೋಸ್ಕರ ಬದಲಿಸಿದ್ದು, ಬಾಸ್ ಹಿಡಿಯುವವರ ಕೈಗೆ ಒಳ್ಳೆಯದಾಯಿತು.

ನಾನು: ಅತ್ತೆ, ಇದು ನನಗೆ ಹೊಳೆದೇ ಇರಲಿಲ್ಲ. ನಾನು ಹೇಳಬೇಕು ಅಂದುಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಭಾವ: ಅತ್ತೆಯ ಮಾತು ಒಪ್ಪುತ್ತೇನೆ. ಆದರೆ ಅಲ್ಲೂ ಯಾರೋ ಕುಳಿತು ಲೆಕ್ಕ ಹಾಕಿ ಟಂಗ್‌ಸ್ಟನ್ ಗುಂಡು ಮಾಡಿದರು. ಆಕಸ್ಮಿಕವಾಗಿ ರೀಲ್ ಹುಟ್ಟುವುದಿಲ್ಲ.

ನಾನು: ಒಂದು ಬಗೆಯ ರೀಲ್ ಹುಟ್ಟಿದ್ದೇ ಹಾಗೆ ಭಾವ! ಆರ್. ಡಿ. ಹಲ್ ಅಂತ ಟೆಕ್ಸಸ್‌ನ ಗಡಿಯಾರ ರಿಪೇರಿಯವರು. ಬೇಟ್‌ಕಾಸ್ಟರ್‌ನಲ್ಲಿ ದಾರ ಗೋಜಲಾಗುವುದು ಅವರಿಗೆ ಸಾಕಾಗಿತ್ತು. ಅಂಗಡಿಯಲ್ಲಿ ಪೊಟ್ಟಣ ಕಟ್ಟುವವರು ಅಲುಗಾಡದ ಉಂಡೆಯಿಂದ ದಾರ ಎಳೆಯುವುದನ್ನು ನೋಡಿ, ಉಂಡೆ ತಿರುಗಲೇಬೇಕು ಅಂತ ಇಲ್ಲವಲ್ಲ ಅಂತ ಹೊಳೆಯಿತಂತೆ. 1947ರಲ್ಲಿ ಆ ರೀಲ್ ಹಿಡಿದುಕೊಂಡು ಹೋದದ್ದು ಎಲ್ಲಿಗೆ ಗೊತ್ತಾ? ಎಣ್ಣೆ ಬಾವಿ ಕೊರೆಯುವವರಿಗೆ ಟೈಮ್ ಬಾಂಬ್ ಮಾಡಿಕೊಡುತ್ತಿದ್ದ ಟಲ್ಸಾದ ಜೀರೋ ಅವರ್ ಬಾಂಬ್ ಕಂಪನಿಗೆ. 1949ರಲ್ಲಿ ರೀಲ್ ಮಾರಾಟಕ್ಕೆ ಬಂತು, ಮುಂದೆ ಕಂಪನಿಯ ಹೆಸರೇ ಜೆಬ್ಕೊ ಆಯಿತು. ಅದೇ 1949ರಲ್ಲಿ ಓಹಾಯೊದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಮತ್ತು ಅವರ ಹೆಂಡತಿ ಅಡುಗೆಮನೆ ಒಲೆಯ ಮೇಲೆ ಪ್ಲಾಸ್ಟಿಕ್ ಹುಳು ಕಾಯಿಸಿ ಎರಕ ಹೊಯ್ದರು. ದೋಣಿಯ ಎಲೆಕ್ಟ್ರಿಕ್ ಮೋಟರ್ ನೋಡಿ. 1934ರಲ್ಲಿ ಉತ್ತರ ಡಕೋಟದ ಫಾರ್ಗೋದಲ್ಲಿ ಓ. ಜಿ. ಶ್ಮಿಟ್ ಅನ್ನುವವರು ಫೋರ್ಡ್ ಮಾಡೆಲ್ ಎ ಕಾರಿನ ಸ್ಟಾರ್ಟರ್ ಮೋಟರ್ ಬಿಚ್ಚಿ, ಅದಕ್ಕೆ ದಂಡ ಮತ್ತು ಪ್ರೊಪೆಲರ್ ಸೇರಿಸಿದರು. ಮಿನ್ ಕೋಟ ಅನ್ನುವ ದೋಣಿ ಮೋಟರ್ ಕಂಪನಿ ಶುರುವಾದದ್ದು ಅಲ್ಲಿಂದ. ಇವರು ಯಾರೂ ಮೀನಿನ ಸಾಮಾನಿನ ಅಂಗಡಿಯಲ್ಲಿ ನಿಂತು ಹೋಲಿಸಿ ನೋಡಿದವರಲ್ಲ. ಏನೋ ಸರಿ ಇಲ್ಲ ಅನ್ನಿಸಿತು, ಕೈಗೆ ಸಿಕ್ಕಿದ್ದರಲ್ಲಿ ಮಾಡಿದರು.

ಚಿಕ್ಕಪ್ಪ: ಬಾಂಬ್ ಕಂಪನಿ ರೀಲ್ ಮಾಡಿತೇ! ಇದು ಗೊತ್ತೇ ಇರಲಿಲ್ಲ ಮಗು.

ಭಾವ: ಅವು ತಯಾರಿಸಿದವರ ಕಥೆ. ನಾನು ಕೇಳಿದ್ದು ಬಳಸುವವರ ಕಥೆ. ನಮ್ಮಂಥವರು ಗಾಳ ಹಾಕುವಾಗ ಏನಾಗುತ್ತದೆ?

ನಾನು: ಬಳಸುವವರದ್ದೇ ಬೇಕಾ? ಜಾರ್ಜ್ ಪೆರಿ. 1932ರ ಜೂನ್ 2, ಜಾರ್ಜಿಯಾದ ಮಾಂಟ್ಗೊಮರಿ ಲೇಕ್. ಹೊಲದಲ್ಲಿ ಕೆಲಸ ಮಾಡುತ್ತಿದ್ದ ಹುಡುಗ. ಮಳೆಯಿಂದ ಕೆಲಸ ನಿಂತಿತ್ತು ಅಂತ ಗೆಳೆಯನ ಜೊತೆ ಹೋದ. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ರಾಡ್. ಹಿಡಿದದ್ದು 22 ಪೌಂಡ್ 4 ಔನ್ಸ್ ಬಾಸ್, ಅಂದರೆ ಹತ್ತು ಕಿಲೋ ದಾಟಿದ್ದು. ಆ ದಾಖಲೆಯನ್ನು ಸರಿಗಟ್ಟಿದ್ದು 2009ರಲ್ಲಿ, ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ. ಈಗ ಬಹುಮಾನ ಕೇಳಿ. ಪತ್ರಿಕೆಯೊಂದರ ದೊಡ್ಡ ಮೀನಿನ ಸ್ಪರ್ಧೆಯಲ್ಲಿ ಪೆರಿಗೆ ಸಿಕ್ಕಿದ್ದು 75 ಡಾಲರ್ ಬೆಲೆಯ ಸಾಮಾನು. ರಾಡ್, ರೀಲ್ ಅದರಲ್ಲೇ ಇತ್ತು. ಅಂದರೆ ಹೊಸ ರಾಡ್ ಬಂದದ್ದು ದಾಖಲೆಯ ಮೀನು ಬಂದ ಮೇಲೆ.

ತಮ್ಮ: ಭಾವ, ಇದಕ್ಕೆ ಏನು ಹೇಳುತ್ತೀರಿ?

ಭಾವ: ಹೇಳುತ್ತೇನೆ. ಅಂಥ ಮೀನು ಇರುವ ನೀರಿಗೆ ಎಸೆದರು, ಅದಕ್ಕೇ ಬಂತು. ರಾಡ್ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ ಅಂತ ಅದರಿಂದ ಅರ್ಥ ಆಗುವುದಿಲ್ಲ. ಇನ್ನೊಂದು ಮಾತು, ಕೇಳಿ ತಂದದ್ದು, ಸಿಕ್ಕಿದ್ದು, ಬಹುಮಾನ ಬಂದದ್ದು ಇವೆಲ್ಲ ಒಂದಕ್ಕೊಂದು ಹೊಂದುವುದಿಲ್ಲ. ನನ್ನ ಗೆಳೆಯರೊಬ್ಬರಿಗೆ ಯಾರೋ ಉಡುಗೊರೆಯಾಗಿ ಒಳ್ಳೆಯ ಬ್ರೇಡ್ ದಾರ (ಎಳೆಗಳನ್ನು ಹೆಣೆದದ್ದು) ಕೊಟ್ಟರು. ಅವರು ರೀಲ್‌ನ ನುಣುಪಾದ ಸ್ಪೂಲ್‌ಗೆ (ಉರುಳೆಗೆ) ನೇರವಾಗಿ ಸುತ್ತಿದರು. ದೊಡ್ಡ ಬಾಸ್ ಕಚ್ಚಿದಾಗ ರೀಲ್‌ನ ತಡೆ, ಅಂದರೆ ಡ್ರ್ಯಾಗ್, ಎಷ್ಟು ಬಿಗಿ ಮಾಡಿದರೂ ಸ್ಪೂಲ್ ಮೇಲೆ ದಾರದ ಉಂಡೆಯೇ ಸುತ್ತುತ್ತಿತ್ತು. ಮೀನು ಹೋಯಿತು. ಉಡುಗೊರೆಯಿಂದ ಗೇರ್ ಕೆಟ್ಟಿತು ಅಂತಲೇ ಹೇಳಬೇಕು.

ನಾನು: ಇದು ಸರಿಯಾದ ಮಾತು. ಬ್ರೇಡ್ ಹಾಕುವ ಮೊದಲು ತಳದಲ್ಲಿ ಸ್ವಲ್ಪ ಮೋನೊ (ಒಂದೇ ಎಳೆಯ ನೈಲಾನ್ ದಾರ) ಸುತ್ತಬೇಕು, ಇಲ್ಲವೇ ಟೇಪ್ ಅಂಟಿಸಬೇಕು. 30 ಪೌಂಡ್ ಎಳೆತ ತಡೆಯುವ ಬ್ರೇಡ್ ಹೆಚ್ಚುಕಡಿಮೆ 8 ಪೌಂಡ್ ಮೋನೊದಷ್ಟೇ ದಪ್ಪ ಇರುತ್ತದೆ, ಹಿಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಒಂದನ್ನು ಬದಲಿಸಿದರೆ ಪಕ್ಕದ್ದನ್ನೂ ನೋಡಲೇಬೇಕು. ತಿಳಿ ನೀರಲ್ಲಿ ಬ್ರೇಡ್ ಎದ್ದು ಕಾಣುತ್ತದೆ, ಮುಂದೆ ಫ್ಲೋರೋಕಾರ್ಬನ್ ದಾರದ ತುಂಡು ಕಟ್ಟಬೇಕು. ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಅಳತೆ) 1.42, ನೀರಿನದು 1.33, ಹತ್ತಿರ ಇರುವುದರಿಂದ ಮೀನಿನ ಕಣ್ಣಿಗೆ ಅಷ್ಟು ಬೀಳುವುದಿಲ್ಲ. ನಿಮ್ಮ ಗೆಳೆಯರು ಈಗ ಏನು ಮಾಡುತ್ತಾರೆ?

ಭಾವ: ತಳಕ್ಕೆ ಮೋನೊ ಸುತ್ತುತ್ತಾರೆ. ಬ್ರೇಡ್ ಬಿಟ್ಟು ಬೇರೆ ಮುಟ್ಟುವುದಿಲ್ಲ.

ಅಕ್ಕ: ನೋಡಿ, ನೀವೇ ಹೇಳಿಬಿಟ್ಟಿರಿ. ಆ ಮೀನು ಹೋಗಿದ್ದಕ್ಕೇ ಅವರ ದಾರ ಸರಿಯಾಯಿತು.

ಭಾವ: ನಾನು ಪೂರ್ತಿ ಸೋತಿಲ್ಲ. ಕೈಕೊಟ್ಟದ್ದರಿಂದ ಕಲಿಯಬಹುದು, ಒಪ್ಪಿದೆ. ಆದರೆ ಕಾರಣ ತಿಳಿಯದೆ ಇದ್ದರೆ ಮುರಿದದ್ದು ಸುಮ್ನೆ ಮುರಿದದ್ದೇ. ಎಷ್ಟೋ ಜನ ದಾರ ಕಡಿದಾಗಲೆಲ್ಲ ದಾರವನ್ನೇ ಬೈದು ದುಬಾರಿ ದಾರ ತರುತ್ತಾರೆ. ತಪ್ಪು ರಾಡ್ ಮೇಲೆ ದಾರ ಹಾಯುವ ಗೈಡ್ ಉಂಗುರದಲ್ಲಿ ಇರುತ್ತದೆ.

ನಾನು: ಈ ಮಾತಿಗೆ ನಾನು ನಿಮ್ಮ ಕಡೆ. ಹತ್ತಿಯ ಚೂರು ತೆಗೆದುಕೊಂಡು ಪ್ರತಿ ಉಂಗುರದ ಒಳಗೂ ಸುತ್ತಲೂ ಒರೆಸಿ ನೋಡಬೇಕು. ಕಣ್ಣಿಗೆ ಕಾಣದ ಬಿರುಕು ಇದ್ದರೆ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮುಖ್ಯವಾಗಿ ತುದಿಯ ಉಂಗುರ, ಪೆಟ್ಟು ಬೀಳುವುದು ಅದಕ್ಕೇ ಜಾಸ್ತಿ. ಚಿಕ್ಕಪ್ಪ, ತಮ್ಮಾ, ಎಲ್ಲರೂ ಇವತ್ತೇ ನೋಡಿ.

ಚಿಕ್ಕಪ್ಪ: ನನ್ನದರಲ್ಲಿ ಎಲ್ಲಾ ಸರಿ ಇದೆ.

ತಮ್ಮ: ನನ್ನ ಫೈಬರ್‌ಗ್ಲಾಸ್‌ದೂ ಸರಿ ಇದೆ. ಆದರೆ ಉಂಗುರ ಹಳೇ ಕಾಲದ ಬರೀ ಸ್ಟೀಲು, ಇದಕ್ಕೆ ಬ್ರೇಡ್ ಹಾಕಬಹುದಾ?

ನಾನು: ಬೇಡ. ಹಳೆಯ ಮೆತ್ತನೆಯ ಉಂಗುರದಲ್ಲಿ ಬ್ರೇಡ್ ಗೀರು ಕೊರೆಯುತ್ತದೆ, ಆಮೇಲೆ ಆ ಗೀರೇ ದಾರವನ್ನು ಕೊಯ್ಯುತ್ತದೆ. ಕ್ರ್ಯಾಂಕ್‌ಬೇಟ್‌ಗೆ ಮೋನೊ ಸಾಕು, ಸ್ವಲ್ಪ ಹಿಗ್ಗುವುದೂ ಅಲ್ಲಿ ಒಳ್ಳೆಯದೇ.

ಭಾವ: ನನ್ನ ಹೊಸ ರಾಡ್‌ನ ತುದಿ ಉಂಗುರದಲ್ಲಿ ಹತ್ತಿ ಸಿಕ್ಕಿಕೊಂಡಿತು. ಯೋಚಿಸಿ, ಹೋಲಿಸಿ ತಂದ ರಾಡ್. ಕಳೆದ ತಿಂಗಳಿಂದ ದಾರ ಕಡಿಯುತ್ತಿತ್ತು.

ಅತ್ತೆ: ಅಳಿಯಂದಿರೇ, ರಾಡ್ ಬಿಸಾಡಬೇಡಿ.

ನಾನು: ಬಿಸಾಡುವುದೇ ಬೇಡ ಭಾವ. ತುದಿ ಉಂಗುರದ ಲೋಹದ ಕೊಳವೆಯನ್ನು ಸ್ವಲ್ಪ ಬಿಸಿ ಮಾಡಿ, ರಾಡ್‌ಗೆ ಉರಿ ತಾಗಬಾರದು. ಒಳಗಿನ ಅಂಟು ಮೆತ್ತಗಾದ ತಕ್ಷಣ ಇಕ್ಕಳದಲ್ಲಿ ನೇರವಾಗಿ ಎಳೆಯಿರಿ, ತಿರುಚಬೇಡಿ. ಅದೇ ಅಳತೆಯ ಕೊಳವೆ ಇರುವ ಹೊಸದು ತನ್ನಿ, ಬಿಸಿ ಅಂಟು ಹಾಕಿ ಕೂರಿಸಿ. ಅಂಟು ಗಟ್ಟಿಯಾಗುವ ಮೊದಲು ರಾಡ್‌ನ ಬುಡದಿಂದ ಕಣ್ಣಿಟ್ಟು ನೋಡಿ ಉಳಿದ ಉಂಗುರಗಳ ಸಾಲಿಗೆ ತಂದುಕೊಳ್ಳಿ.

ಭಾವ: ಸೆರಾಮಿಕ್ ಒಳಪದರ ಇರುವುದೇ ತರಲಾ?

ನಾನು: ಅದನ್ನೇ ತನ್ನಿ. ನೀವು ಬ್ರೇಡ್ ಹಾಕುವವರು. ಕೊಳವೆಯ ಒಳ ಅಳತೆ ಬರೆದುಕೊಂಡು ಹೋಗಿ, ಅಂದಾಜಿನಲ್ಲಿ ತಂದರೆ ಕೂರುವುದಿಲ್ಲ.

ಭಾವ: ಸರಿ. ಹಳೆಯದನ್ನೇ ಕಿತ್ತು ಜೊತೆಗೆ ತೆಗೆದುಕೊಂಡು ಹೋಗುತ್ತೇನೆ.