ನೀಲಿ ಹೊಗೆ, ಇಳಿಯುವ ಆಯಿಲ್: ಹಳೆಯ ಟ್ರ್ಯಾಕ್ಟರಿನ ಇಂಜಿನ್ ಬಿಚ್ಚಲೇಬೇಕೆ?

ಪ್ರಶ್ನೆ (ಅರಸೀಕೆರೆ ತಾಲ್ಲೂಕು)

ನಮ್ಮ ಮನೆಯಲ್ಲಿರುವುದು ನಾಲ್ಕು ಸಿಲಿಂಡರಿನ, ಟರ್ಬೊ ಇಲ್ಲದ ಹಳೆಯ ಟ್ರ್ಯಾಕ್ಟರ್. ರಾಗಿ ಹೊಲಕ್ಕೆ ರೋಟವೇಟರ್ ಹೊಡೆಯುವಾಗ ಸೈಲೆನ್ಸರಿನಿಂದ ಒಂದೇ ಸಮನೆ ನೀಲಿ ಹೊಗೆ ಬರುತ್ತಿದ್ದು, ಹತ್ತು ಗಂಟೆಗಳ ಕೆಲಸ ಮುಗಿಯುವಷ್ಟರಲ್ಲಿ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮೇಲಿನ ಗೆರೆಯಿಂದ ಕೆಳಗಿನ ಗೆರೆಯ ಹತ್ತಿರಕ್ಕೆ ಇಳಿದಿರುತ್ತದೆ. ಹೊರಗೆ ಎಲ್ಲಿಯೂ ಸೋರಿಕೆ ಕಾಣುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹೊಗೆ ಇನ್ನೂ ದಟ್ಟ. ಎಳೆತದಲ್ಲಿ ಮಾತ್ರ ಹೇಳಿಕೊಳ್ಳುವಂಥ ಕೊರತೆಯಿಲ್ಲ. ನಮ್ಮ ಮೆಕ್ಯಾನಿಕ್, ಇಂಜಿನ್ ಬೋರಿಗೆ ಬಂದಿದೆ (ಸಿಲಿಂಡರ್ ಒಳಗೆ ಸವೆದಿದೆ), ಲೈನರ್ (ಪಿಸ್ಟನ್ ಓಡಾಡುವ ಒಳಕೊಳವೆ) ಮತ್ತು ಪಿಸ್ಟನ್ ಸೆಟ್ ಹಾಕಲೇಬೇಕು ಎನ್ನುತ್ತಾರೆ. ಖರ್ಚು ದೊಡ್ಡದು. ಬಿಚ್ಚುವ ಮುನ್ನ ನಾವೇ ಏನನ್ನಾದರೂ ಪರೀಕ್ಷಿಸಬಹುದೇ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಬೇಲೂರು)

ಸರ್, ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ ಎಂಬುದಷ್ಟೇ ಖಚಿತ. ಅದು ಯಾವ ದಾರಿಯಿಂದ ಸಿಲಿಂಡರಿಗೆ ಹೋಗುತ್ತಿದೆ ಎಂಬುದನ್ನು ಹೊಗೆಯ ಬಣ್ಣ ಹೇಳುವುದಿಲ್ಲ. ಕಪ್ಪು ಹೊಗೆಯಾಗಿದ್ದರೆ ಗಾಳಿಯ ಕೊರತೆ, ನಾಝಲ್ ಅಥವಾ ಅತಿಭಾರವನ್ನು ಅನುಮಾನಿಸುತ್ತಿದ್ದೆ. ಸಕಲೇಶಪುರದ ಕಡೆ ಚಳಿಗಾಲದ ಬೆಳಿಗ್ಗೆ ಕಾಣುವ ಬಿಳಿ ಹೊಗೆಯ ವಿಚಾರವೇ ಬೇರೆ, ಅದು ಇಂಜಿನ್ ಬಿಸಿಯಾದ ಮೇಲೂ ನಿಲ್ಲದೆ ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ಟಿನ (ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡಿನ ಕೆಳಗಿರುವ ಪಟ್ಟಿಯ) ಚಿಂತೆ.

ತಮ್ಮ ಟ್ರ್ಯಾಕ್ಟರಿನಲ್ಲಿ ಆಯಿಲ್ ಬಟ್ಟಲಿನ ಏರ್ ಕ್ಲೀನರ್ ಇದ್ದರೆ ಮೊದಲು ಅದನ್ನು ಬಿಚ್ಚಿ ನೋಡಿ. ಒಣ ಹೊಲದಲ್ಲಿ ರೋಟವೇಟರ್ ಹೊಡೆದಾಗ ಎದ್ದ ಧೂಳು ಬಟ್ಟಲಿನ ತಳದಲ್ಲಿ ಕೂತು, ಹೊಸದಾಗಿ ಹನಿ ಆಯಿಲ್ ಹಾಕದಿದ್ದರೂ ಮಟ್ಟ ಗೆರೆಯನ್ನು ದಾಟುತ್ತದೆ. ಆಗ ಇಂಜಿನ್ ಆ ಆಯಿಲನ್ನೇ ಗಾಳಿಯೊಂದಿಗೆ ಎಳೆದುಕೊಂಡು ಉರಿಸುತ್ತದೆ. ಇದನ್ನು ಸಣ್ಣ ವಿಷಯವೆಂದು ಬಿಡಬೇಡಿ: ಹೆಚ್ಚು ಆಯಿಲ್ ಒಳಹೊಕ್ಕರೆ ಡೀಸೆಲ್ ನಿಲ್ಲಿಸಿದರೂ ಇಂಜಿನ್ ನಿಲ್ಲದೆ ವೇಗವೇರುತ್ತಾ ಹೋಗಬಹುದು. ಅಂಥ ಹೊತ್ತಿನಲ್ಲಿ ಗಾಳಿಯ ಬಾಯಿಯನ್ನು ಹಲಗೆಯಿಂದ ಮುಚ್ಚಿಯೇ ನಿಲ್ಲಿಸಬೇಕು, ಕೈ ಅಡ್ಡ ಇಡಬಾರದು. ಜೊತೆಗೆ ಜಾಲರಿ ಕಟ್ಟಿಕೊಂಡಿದ್ದರೆ ಒಳಗಿನ ಎಳೆತ ಹೆಚ್ಚಾಗಿ ವಾಲ್ವ್ ಗೈಡಿನ (ವಾಲ್ವಿನ ಕಾಂಡ ಜಾರುವ ಕೊಳವೆಯ) ಸಂದಿನಿಂದಲೂ ಆಯಿಲ್ ಇಳಿಯುತ್ತದೆ.

ಎರಡನೆಯದಾಗಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಬಿಟ್ಟು, ಆಯಿಲ್ ತುಂಬುವ ಮುಚ್ಚಳವನ್ನು ತೆಗೆದು ಅದೇ ಬಾಯಿಯ ಮೇಲೆ ಮಗುಚಿ ಇಡಿ. ಮುಚ್ಚಳ ಹಾರಿಬಿದ್ದು, ಬಾಯಿಂದ ಹೊಗೆ ಬುಸುಬುಸು ಎಂದು ಬಂದರೆ ಪಿಸ್ಟನ್ನಿನ ಸುತ್ತ ಇರುವ ರಿಂಗುಗಳ ಪಕ್ಕದಿಂದ ಉರಿದ ಗಾಳಿ ಕೆಳಗಿಳಿಯುತ್ತಿದೆ ಎಂದರ್ಥ. ಸುಮ್ಮನೆ ನಡುಗುತ್ತಾ ಕೂತಿದ್ದರೆ ಲೈನರಿನ ಮಾತನ್ನು ಅಷ್ಟು ಬೇಗ ಒಪ್ಪಬೇಕಾಗಿಲ್ಲ.

ಸೇರ್ಪಡೆ (ಕಡೂರು)

ಏರ್ ಕ್ಲೀನರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಹೋಸನ್ನೂ ಬಗ್ಗಿಸಿ ನೋಡಿ. ಕ್ಲಿಪ್ಪಿನ ಕೆಳಗೆ ಕಾಣದಂತೆ ಬಿರುಕು ಬಿಟ್ಟಿರುತ್ತದೆ, ಅಲ್ಲಿಂದ ಒಳಹೋದ ಮಣ್ಣು ಹೊಸ ರಿಂಗನ್ನೂ ಒಂದೇ ಹಂಗಾಮಿನಲ್ಲಿ ತಿಂದುಹಾಕಬಲ್ಲದು.

ಮರುಪ್ರಶ್ನೆ (ಅರಸೀಕೆರೆ ತಾಲ್ಲೂಕು)

ಬಟ್ಟಲಿನ ತಳದಲ್ಲಿ ಎರಡು ಬೆರಳು ದಪ್ಪ ಕೆಂಪು ಕೆಸರು ಕೂತಿತ್ತು. ಸೌಟಿನಿಂದ ಬಗೆದು ತೆಗೆಯಬೇಕಾಯಿತು. ಜಾಲರಿಯನ್ನು ಡೀಸೆಲಿನಲ್ಲಿ ತೊಳೆದು ಒಣಗಿಸಿ, ಗೆರೆಯ ಮಟ್ಟಕ್ಕೆ ಹೊಸ ಆಯಿಲ್ ಹಾಕಿದ ಮೇಲೆ ಉಳುವಾಗಿನ ಹೊಗೆ ಬಹುತೇಕ ನಿಂತಿದೆ. ಹೋಸ್ ಚೆನ್ನಾಗಿದೆ. ಮುಚ್ಚಳ ನಡುಗುತ್ತದೆ, ಹಾರುವುದಿಲ್ಲ. ಆದರೆ ಬೆಳಗಿನ ಹೊಗೆ ಹಾಗೆಯೇ ಇದೆ, ಮತ್ತು ತೆಂಗಿನಕಾಯಿ ತುಂಬುವವರೆಗೆ ಇಂಜಿನ್ ಓಡುತ್ತಲೇ ನಿಂತಿದ್ದು ಆಮೇಲೆ ಆಕ್ಸಿಲರೇಟರ್ ಕೊಟ್ಟರೆ ಒಮ್ಮೆಗೇ ನೀಲಿ ಹೊಗೆ ಉಕ್ಕುತ್ತದೆ.

ಉತ್ತರ (ಬೇಲೂರು)

ಹಾಗಿದ್ದರೆ ಉಳಿದ ಹೊಗೆಗೆ ವಾಲ್ವ್ ಗೈಡ್ ಸವೆದಿರುವುದೇ ಹೆಚ್ಚು ಸಂಭವ. ನಿಂತ ಹೊತ್ತಿನಲ್ಲಿ ವಾಲ್ವಿನ ಕಾಂಡದ ಗುಂಟ ಇಳಿದು ಸೇರಿದ ಆಯಿಲ್, ವೇಗ ಏರಿಸಿದೊಡನೆ ಒಟ್ಟಿಗೆ ಉರಿಯುತ್ತದೆ. ರಿಂಗು ಸವೆದಿದ್ದರೆ ಭಾರದ ಕೆಲಸದಲ್ಲಿಯೂ ಹೊಗೆ ಬಿಡದೆ ಕಾಡುತ್ತಿತ್ತು. ಮೊದಲು ಆಯಿಲನ್ನು ಸಮತಟ್ಟು ಜಾಗದಲ್ಲಿ ಮೇಲಿನ ಗೆರೆಗೆ ಹಾಕಿ, ಇನ್ನೊಂದು ಹತ್ತು ಗಂಟೆಗಳ ಕೆಲಸದ ನಂತರ ಎಷ್ಟು ಇಳಿಯಿತೆಂದು ಅಳೆಯಿರಿ. ಇಳಿಕೆ ಅಲ್ಪವಾಗಿದ್ದರೆ ಆಯಿಲ್ ಮಟ್ಟ ನೋಡಿಕೊಳ್ಳುತ್ತಾ ಈ ಹಂಗಾಮನ್ನು ದಾಟಿಸಬಹುದು.

ಕೆಲಸ ಮಾಡಿಸುವಾಗ ಹೆಡ್ಡನ್ನು ಮಾತ್ರ ಇಳಿಸಲು ಹೇಳಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಿದಾಗ ಯಾವ ಸಿಲಿಂಡರಿನ ಕಿಂಡಿ ಆಯಿಲಿನಿಂದ ಒದ್ದೆಯಾಗಿದೆ ಎಂದು ತಾವೇ ನಿಂತು ನೋಡಿ. ಹೆಡ್ ಇಳಿದ ಮೇಲೆ ಲೈನರಿನ ಮೇಲ್ಭಾಗದಲ್ಲಿ, ರಿಂಗು ತಲುಪುವ ಗಡಿಯಲ್ಲಿ ಉಗುರನ್ನು ಮೇಲಕ್ಕೆ ಎಳೆಯಿರಿ. ಉಗುರಿಗೆ ಮೆಟ್ಟಿಲಿನಂತೆ ಏಣು ಸಿಕ್ಕಿಬಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ನಿಜ. ಆಗ ಹಣ ಉಳಿಸಲೆಂದು ಅದೇ ಲೈನರಿಗೆ ಹೊಸ ರಿಂಗು ಹಾಕಿಸಬೇಡಿ, ಮೇಲಿನ ರಿಂಗು ಆ ಏಣಿಗೆ ಬಡಿದು ಮುರಿಯುತ್ತದೆ. ಏಣು ಇಲ್ಲದಿದ್ದರೆ ಗೈಡು, ಅಗತ್ಯವಿದ್ದರೆ ವಾಲ್ವು, ಸೀಲ್ ಇರುವ ಇಂಜಿನ್ನಾದರೆ ಸೀಲು, ಇಷ್ಟೇ ಸಾಕು. ಹೆಡ್ ಗ್ಯಾಸ್ಕೆಟ್ ಮಾತ್ರ ಹೊಸದೇ ಇರಲಿ. ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ನಡುವಿನಿಂದ ಹೊರಕ್ಕೆ ಹಂತಹಂತವಾಗಿ ಬಿಗಿಯಬೇಕು, ಬಿಗಿದಾದ ಮೇಲೆ ಟ್ಯಾಪೆಟ್ ಸಂದನ್ನು (ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಅಂತರವನ್ನು) ಹೊಂದಿಸಬೇಕು.